ತೂತು ಕೊರೆದ ಅಕ್ವೇರಿಯಂನ ಹಿಂಬದಿ ಗಾಜು ಬದಲಿಸಿದ ಅನುಭವ

ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕ್. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಕೆಳಗೆ ಸಂಪ್ (ಟ್ಯಾಂಕಿನ ನೀರು ಇಳಿದು, ಸೋಸಿಕೊಂಡು, ಪಂಪಿನಿಂದ ಮತ್ತೆ ಮೇಲೇರುವ ಫಿಲ್ಟರ್ ತೊಟ್ಟಿ) ಇಡೋಕೆ ಅಂತ ಮೊದಲಿನವರು ಹಿಂಬದಿ ಗಾಜಿಗೆ ತೂತು ಕೊರೆಸಿ, ಛಾವಣಿ ಮೇಲಿನ ನೀರಿನ ಟ್ಯಾಂಕಿಗೆ ಹಾಕುವ ಟ್ಯಾಂಕ್ ನಿಪ್ಪಲ್ಲನ್ನೇ ಕೂರಿಸಿದ್ದರು. ಆ ತೂತಿನಿಂದ ಮೇಲಂಚಿನವರೆಗೆ ಕೂದಲೆಳೆಯಂಥ ಬಿರುಕು ಬಿತ್ತು.

ಕಾರಣ ಹುಡುಕಬೇಕಾಗೇ ಇರಲಿಲ್ಲ. ತೂತು ಮತ್ತು ಅಂಚಿನ ನಡುವೆ ಒಂದು ಬೆರಳಿನಷ್ಟೂ ಗಾಜು ಇರಲಿಲ್ಲ. ಕನಿಷ್ಠ ತೂತಿನ ಅಗಲದಷ್ಟಾದರೂ ಬಿಡಬೇಕು. ಸಾಲದ್ದಕ್ಕೆ ಪಿವಿಸಿ ಪೈಪಿನ ಭಾರವೆಲ್ಲ ಆ ನಿಪ್ಪಲ್ ಮೇಲೇ ನೇತಾಡುತ್ತಿತ್ತು.

ಮೇಲೆ ಒಂದಿಷ್ಟು ಸಿಲಿಕೋನ್ ಬಳಿದುಬಿಡಿ ಅಂದವರೇ ಜಾಸ್ತಿ. ಆದರೆ ಈ ಅಳತೆಯ ಟ್ಯಾಂಕಿನಲ್ಲಿ ಹತ್ತಿರ ಹತ್ತಿರ 190 ಲೀಟರ್ ನೀರು ನಿಲ್ಲುತ್ತದೆ. ಬಿರುಕಿಗೆ ಬಳಿದರೆ ಹನಿ ನಿಲ್ಲಬಹುದು, ಬಿರುಕು ನಿಲ್ಲಲ್ಲ. ಹಾಗಂತ ಹೊಸ ಟ್ಯಾಂಕೇ ಬೇಕಾಗಿಲ್ಲ. ಉಳಿದ ನಾಲ್ಕೂ ಗಾಜು ಗಟ್ಟಿಯಾಗಿದ್ದವು, 8 ಮಿಮೀ ದಪ್ಪ. ಹಿಂಬದಿಯದು ಮಾತ್ರ ಬದಲಿಸಿದೆ.

ಮೀನುಗಳನ್ನು ಹಳೇ ನೀರಿನ ಸಮೇತ ನೀಲಿ ಡ್ರಮ್ಮಿಗೆ ಹಾಕಿ, ಫಿಲ್ಟರಿನ ಸ್ಪಂಜನ್ನೂ ಅಲ್ಲೇ ಏರ್ ಪಂಪ್ ಜೊತೆ ಇಟ್ಟೆ. ಸ್ಪಂಜು ಒಣಗಿದರೆ ಅದರಲ್ಲಿರುವ ಉಪಯೋಗದ ಬ್ಯಾಕ್ಟೀರಿಯಾ ಸಾಯುತ್ತವೆ.

ಹೊಸ ಗಾಜು ಟಫನ್ ಮಾಡಿದ್ದಾಗಿರಬಾರದು (ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು), ಕೊರೆಯಲು ಹೋದರೆ ಪುಡಿಪುಡಿಯಾಗುತ್ತದೆ. ಅನುಮಾನ ಬಂದರೆ ಗಾಜನ್ನು ಲ್ಯಾಪ್‌ಟಾಪ್ ಪರದೆಯ ಮುಂದೆ ಹಿಡಿದು, ಪೋಲರಾಯ್ಡ್ ತಂಪು ಕನ್ನಡಕ ಹಾಕಿಕೊಂಡು ನೋಡಿ. ಟಫನ್ ಆಗಿದ್ದರೆ ಕಪ್ಪು ಮಚ್ಚೆ, ಪಟ್ಟೆ ಕಾಣುತ್ತವೆ. ತೂತನ್ನು ಗಾಜಿನಂಗಡಿಯಲ್ಲೇ ಕೊರೆಸಿದೆ. ಗಾಜಿನ ಮೇಲೆ ಜೇಡಿಮಣ್ಣಿನ ಕಟ್ಟೆ ಕಟ್ಟಿ, ಒಳಗೆ ನೀರು ನಿಲ್ಲಿಸಿ, ಡೈಮಂಡ್ ಬಿಟ್‌ನಿಂದ ನಿಧಾನಕ್ಕೆ ಕೊರೆದರು. ಇನ್ನೇನು ಆಚೆ ಬರುತ್ತೆ ಅನ್ನುವಾಗ ಗಾಜು ತಿರುಗಿಸಿ ಹಿಂದಿನಿಂದ ಮುಗಿಸಿದರು. ಹಾಗೆ ಮಾಡಿದರೆ ಅಂಚು ಸಿಡಿಯಲ್ಲ.

ನಿಜವಾದ ಕೆಲಸ ಇರುವುದು ಹಳೇ ಸಿಲಿಕೋನ್ ತೆಗೆಯುವುದರಲ್ಲಿ. ಕಟ್ಟರ್ ಬ್ಲೇಡಿನಿಂದ ಒಳಗಿನ ಪಟ್ಟಿ ಸೀಳಿ, ಸಂದಿಯಲ್ಲಿ ಗಾಳದ ನೈಲಾನ್ ದಾರ ತೂರಿಸಿ ಗರಗಸದ ಹಾಗೆ ಎಳೆದರೆ ಗಾಜು ಬಿಡುತ್ತದೆ. ಆಮೇಲೆ ಕೆರೆಯಬೇಕು, ಕೆರೆಯುತ್ತಲೇ ಇರಬೇಕು. ಹೊಸ ಸಿಲಿಕೋನ್ ಹಳೇದರ ಮೇಲೆ ಸರಿಯಾಗಿ ಕೂರಲ್ಲ. ಅದಕ್ಕೇ ಬೇರೆ ಮೂಲೆಗಳ ಒಳಪಟ್ಟಿಯನ್ನೂ ತೆಗೆದು, ಎಲ್ಲಾ ಒಟ್ಟಿಗೆ ಹೊಸದಾಗಿ ಹಾಕಿದೆ. ಕಣ್ಣಿಗೆ ಗಾಜು ಸ್ವಚ್ಛವಾಗೇ ಕಾಣುತ್ತೆ, ನಂಬಬೇಡಿ. ಉಗುರಿನಿಂದ ಎಳೆದು ನೋಡಿ. ಉಗುರು ಎಲ್ಲಿ ತಡೆಯುತ್ತೋ ಅಲ್ಲಿ ಇನ್ನೂ ಪದರ ಇದೆ ಅಂತ ಅರ್ಥ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರಾಯಿತು.

ಸಿಲಿಕೋನ್ ಕೊಳ್ಳುವಾಗ ಬಾತ್‌ರೂಮಿಗೆ ಬಳಸುವ ಫಂಗಸ್ ನಿರೋಧಕದ್ದು ಬೇಡವೇ ಬೇಡ, ಮೀನಿಗೆ ವಿಷ. ಅಕ್ವೇರಿಯಂಗೆ ಅಂತಲೇ ಬರೆದಿರುವುದನ್ನು ತಗೊಳ್ಳಿ, ಸಾಮಾನ್ಯವಾಗಿ ವಿನಿಗರ್ ವಾಸನೆ ಇರುತ್ತೆ. ಹೊಸ ಗಾಜನ್ನು ಸಿಲಿಕೋನ್‌ನಿಂದ ಅಂಟಿಸಿ, ಒಳಮೂಲೆಗಳ ಇಕ್ಕೆಲಕ್ಕೂ ಮಾಸ್ಕಿಂಗ್ ಟೇಪ್ ಹಚ್ಚಿ, ಸಿಲಿಕೋನ್ ಹಾಕಿ, ಬೆರಳಿನಿಂದ ಒಂದೇ ಎಳೆತದಲ್ಲಿ ಸವರಿ, ಅದು ಕೆನೆಗಟ್ಟುವ ಮೊದಲೇ ಟೇಪ್ ಕಿತ್ತೆ. ಮಳೆಗಾಲದಲ್ಲಿ ಒಣಗಲ್ಲ ಅಂತ ಹೆದರಬೇಕಿಲ್ಲ, ಗಾಳಿಯ ತೇವದಿಂದಲೇ ಅದು ಗಟ್ಟಿಯಾಗುವುದು. ಮೇಲ್ಮೈ ಬೇಗ ಒಣಗಿದರೂ ಒಳಗೆ ನಿಧಾನ. ಒಂದು ವಾರ ಮುಟ್ಟಲೇ ಇಲ್ಲ.

ನಿಪ್ಪಲ್ಲಿನ ರಬ್ಬರ್ ವಾಷರ್ ಒಳಗಡೆ, ನೀರಿರುವ ಕಡೆ ಬರಬೇಕು. ನಟ್ಟಿಗೆ ಕೈಬಿಗಿ ಸಾಕು, ಸ್ಪ್ಯಾನರ್ ಹಾಕಬಾರದು. ಪೈಪಿಗೆ ಸ್ಟ್ಯಾಂಡಿನಲ್ಲೇ ಕ್ಲಾಂಪ್ ಕೊಟ್ಟು, ನಡುವೆ ಮೆತ್ತನೆ ಹೋಸ್ ಹಾಕಿದೆ. ಈಗ ಗಾಜಿನ ಮೇಲೆ ಎಳೆತವಿಲ್ಲ. ಅಡಿಗೆ ಥರ್ಮಾಕೋಲ್ ಹಾಸಿ, ಸುತ್ತ ನ್ಯೂಸ್‌ಪೇಪರ್ ಇಟ್ಟು, ಸ್ವಲ್ಪ ಸ್ವಲ್ಪವಾಗಿ ನೀರು ತುಂಬಿಸಿದೆ. ಬೆಳಗ್ಗೆ ಪೇಪರ್ ಒಣಗಿಯೇ ಇತ್ತು. ಆಮೇಲೆ ಬೇಕಂತಲೇ ಪಂಪ್ ಆಫ್ ಮಾಡಿ, ವಾಪಸ್ ಇಳಿಯುವ ನೀರು ಸಂಪಿನಲ್ಲಿ ಹಿಡಿಸುತ್ತಾ ನೋಡಿದೆ. ನಮ್ಮಲ್ಲಿ ಕರೆಂಟ್ ಹೋಗುವುದು ಹೊಸದೇನಲ್ಲ, ಅಲ್ವಾ?