ತಪಸ್ಸುಕಾಲ: ನಾನು ಆಚರಿಸಿಕೊಂಡು ಬಂದ ರೀತಿ

ತೀರ್ಥಹಳ್ಳಿ ಕಡೆಯ ನಮ್ಮಂಥ ಸಣ್ಣ ಅಡಿಕೆ ಬೆಳೆಗಾರರಿಗೆ ತಪಸ್ಸುಕಾಲ (ಈಸ್ಟರ್‌ಗೆ ಮುಂಚೆ ಕ್ರೈಸ್ತರು ಉಪವಾಸ, ಪ್ರಾರ್ಥನೆ, ದಾನಗಳಲ್ಲಿ ಕಳೆಯುವ ದಿನಗಳು) ಬರುವುದು ಕೊಯ್ಲು ಮುಗಿದು, ಅಡಿಕೆ ಮಂಡಿ ಸೇರಿ, ಕೈಯಲ್ಲಿ ಒಂದಿಷ್ಟು ಹಣ ಓಡಾಡುವ ಹೊತ್ತಿಗೆ. 2025ರಲ್ಲಿ ಅದು ಶುರುವಾಗುವ ಬೂದಿ ಬುಧವಾರ ಮಾರ್ಚ್ 5ರಂದು, ಪಾಸ್ಕ (ಈಸ್ಟರ್) ಹಬ್ಬ ಏಪ್ರಿಲ್ 20ರಂದು ಬಂದಿತ್ತು. ನಡುವಿನ ಭಾನುವಾರಗಳನ್ನು ಬಿಟ್ಟು ಎಣಿಸಿದರೆ 40 ದಿನ. ಖರ್ಚು ಮಾಡುವ ಅನುಕೂಲವಿದ್ದಾಗಲೇ ಕೈ ಹಿಡಿಯಬೇಕಾಗುವುದರಿಂದ ಇದು ನಮಗೆ ಹೇಳಿ ಮಾಡಿಸಿದ ಕಾಲವೆಂದು ನನ್ನ ಅಭಿಪ್ರಾಯ.

ಕಥೋಲಿಕ ಧರ್ಮಸಭೆಯ ನಿಯಮ ಕೇಳುವುದು ಹೆಚ್ಚೇನಲ್ಲ: 18ರಿಂದ 59 ವರ್ಷದವರೆಗಿನವರು ಬೂದಿ ಬುಧವಾರ ಮತ್ತು ಶುಭ ಶುಕ್ರವಾರದಂದು ಒಂದೇ ಹೊತ್ತು ಪೂರ್ಣ ಊಟ ಮಾಡಬೇಕು, 14 ವರ್ಷ ತುಂಬಿದವರು ಆ ಎರಡು ದಿನಗಳಲ್ಲಿಯೂ ಈ ಕಾಲದ ಶುಕ್ರವಾರಗಳಲ್ಲಿಯೂ ಮಾಂಸವನ್ನು ಬಿಡಬೇಕು. ಮೀನಿಗೆ ಅಡ್ಡಿಯಿಲ್ಲ. ಆದರೆ ಆಗುಂಬೆ ಘಾಟಿ ಹತ್ತಿ ಬರುವ ಗಾಡಿಯಿಂದ ಅಂಜಲ್ ಕೊಂಡು ಹುರಿದು ತಿಂದು, ಕೋಳಿ ಬಿಟ್ಟೆನೆಂದು ಹೇಳಿಕೊಳ್ಳುವುದು ನನಗೆ ಒಗ್ಗಲಿಲ್ಲ. ಹಾಗಾಗಿ ಮೀನನ್ನೂ ಬಿಟ್ಟು, ಅದರ ಹಣವನ್ನು ಪ್ರತಿ ವಾರ ಒಂದು ಡಬ್ಬಿಗೆ ಹಾಕುತ್ತ ಬಂದೆ. ಹಸಿದವರೊಡನೆ ಅನ್ನ ಹಂಚಿಕೊಳ್ಳುವುದೇ ದೇವರಿಗೆ ಇಷ್ಟವಾದ ಉಪವಾಸವೆಂದು ಬೈಬಲಿನ ಯೆಶಾಯನ ಗ್ರಂಥದ 58ನೇ ಅಧ್ಯಾಯ ಹೇಳುತ್ತದೆ. ಆ ಹಣ ಯಾರ ಮನೆಗೆ ಹೋಯಿತೆಂಬುದನ್ನು ಇಲ್ಲಿ ಬರೆಯುವುದಿಲ್ಲ. ದಾನ ಗುಟ್ಟಾಗಿರಲಿ ಎನ್ನುವ ಮತ್ತಾಯನ ಶುಭಸಂದೇಶದ (ಯೇಸುವಿನ ಬದುಕು, ಬೋಧನೆಗಳನ್ನು ಹೇಳುವ ಬೈಬಲ್ ಗ್ರಂಥ) 6ನೇ ಅಧ್ಯಾಯ ಅದಕ್ಕೆ ಅವಕಾಶ ಕೊಡುವುದಿಲ್ಲ.

ಪ್ರಾರ್ಥನೆಗೆ ಬೇರೆ ಸಮಯ ಹುಡುಕಲಿಲ್ಲ. ಬೇಸಿಗೆಯಲ್ಲಿ ತ್ರೀಫೇಸ್ ಕರೆಂಟ್ ಬರುವುದು ರಾತ್ರಿ ಹೊತ್ತು. ಪಂಪ್‌ಹೌಸಿನಲ್ಲಿ ಅದಕ್ಕಾಗಿ ಕಾಯುವಾಗ ಮೊಬೈಲ್ ಮನೆಯಲ್ಲೇ ಬಿಟ್ಟು, ಮಾರ್ಕನ ಶುಭಸಂದೇಶವನ್ನು ಸ್ವಲ್ಪ ಸ್ವಲ್ಪವಾಗಿ ಓದಿದೆ. ನಾಲ್ಕು ಶುಭಸಂದೇಶಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯಗಳು.

ಕಷ್ಟವಾದದ್ದು ಊಟವೂ ಅಲ್ಲ, ಓದೂ ಅಲ್ಲ. ಕಾಣಿಕೆಯನ್ನು ಬಲಿಪೀಠದ ಮುಂದೆ ಇಟ್ಟು ಮೊದಲು ಸಹೋದರನೊಡನೆ ಸಂಧಾನ ಮಾಡಿಕೊಂಡು ಬಾ ಎಂಬ ಯೇಸುವಿನ ಮಾತು ಮತ್ತಾಯನ 5ನೇ ಅಧ್ಯಾಯದಲ್ಲಿದೆ. ಪಕ್ಕದ ತೋಟದ ಹಿರಿಯರಿಗೂ ನಮಗೂ ಹಳ್ಳದ ನೀರಿನ ವಿಷಯದಲ್ಲಿ ಮಾತು ನಿಂತುಹೋಗಿತ್ತು. ಅವರು ಕ್ರೈಸ್ತರಲ್ಲ, ತಪಸ್ಸುಕಾಲದ ಹಂಗು ಅವರಿಗಿಲ್ಲ. ಆದ್ದರಿಂದ ಮೊದಲು ಹೋಗಬೇಕಾದವನು ನಾನೇ ಎಂದು ತೀರ್ಮಾನಿಸಿದೆ. ಹೋಗುವ ಮುನ್ನ ಒಂದು ಕಟ್ಟು ಹಾಕಿಕೊಂಡೆ: ಹಿಂದೆ ಯಾರು ಏನೆಂದರು ಎಂಬುದನ್ನು ಎತ್ತಬಾರದು, ಮುಂದಿನ ಮಳೆಗಾಲದವರೆಗೆ ನೀರು ಹೇಗೆ ಎಂಬುದನ್ನಷ್ಟೇ ಕೇಳಬೇಕು. ಜಗುಲಿಯಲ್ಲಿ ಕೂತಿದ್ದ ಅವರು, "ಬಾ ಮಾರಾಯ, ಆಸರಿಗೆ ಏನು ಬೇಕು?" ಎಂದರು. ಮಜ್ಜಿಗೆ ಕುಡಿದ ಮೇಲೆ ಒಂದು ರಾತ್ರಿ ಅವರು, ಒಂದು ರಾತ್ರಿ ನಾನು ಪಂಪ್ ಹಾಕುವುದೆಂದು ಮಾತಾಯಿತು. ಮೊದಲಿನ ಸಲಿಗೆ ಪೂರ್ತಿ ಮರಳಿದೆ ಎನ್ನಲಾರೆ, ಆದರೆ ಸರದಿ ತಪ್ಪಲಿಲ್ಲ.

ಇದಾದ ಮೇಲೆಯೇ, ಗುರುಗಳ ಬಳಿ ತಪ್ಪುಗಳನ್ನು ಹೇಳಿಕೊಳ್ಳುವ ಪಾಪನಿವೇದನೆಗೆ ಹೋದೆ. ಅದಕ್ಕೆ ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯದವರೆಗೆ (ಬಿಷಪರ ಚರ್ಚು) ಹೋಗಲು ಕಾರಣ ಸರಳ: ಊರಿನ ಗುರುಗಳಿಗೆ ನನ್ನ ಧ್ವನಿಯ ಗುರುತು ಚೆನ್ನಾಗಿದೆ. ಪಾಸ್ಕದ ನಂತರ ಮೀನು ಮನೆಗೆ ಮರಳಿತು, ಡಬ್ಬಿ ಮಾತ್ರ ಶುಕ್ರವಾರಗಳಿಗೆ ಉಳಿದುಕೊಂಡಿದೆ.