55 ಡಿಗ್ರಿಗೆ ಕೆಡಬೇಕಾದ ಕಿಣ್ವ: ನನ್ನ ಅನುಭವ

ಕಾಫಿಯ ಕಾಯಿಕೊರಕ ಹುಳು ಎರಡು ಮಿಲಿಮೀಟರ್‌ ಕೂಡ ಇರುವುದಿಲ್ಲ. ಅದರಿಂದ ಸಿಗುವ ಚೂರು ಡಿಎನ್‌ಎ ಪೋಲಾಗದೆ ಒಂದೇ ಟ್ಯೂಬಿನಲ್ಲಿ ಪಿಸಿಆರ್‌ವರೆಗೆ (ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಹಂತ) ಹೋಗಬೇಕು. ಪ್ರೋಟೀನು ಕತ್ತರಿಸುವ ಕಿಣ್ವವಾದ (ಪ್ರೋಟಿಯೇಸ್‌) ಪ್ರೋಟೀನೇಸ್ ಕೆ ಹುಳುವನ್ನು ಚೆನ್ನಾಗಿ ಕರಗಿಸುತ್ತದೆ, ಆದರೆ 95 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿದರೂ ಪೂರ್ತಿ ಸಾಯುವುದಿಲ್ಲ. ಉಳಿದದ್ದು ಆಮೇಲೆ ಹಾಕುವ, ಡಿಎನ್‌ಎ ನಕಲು ಮಾಡುವ ಪಾಲಿಮರೇಸ್ ಕಿಣ್ವಕ್ಕೇ ಬಾಯಿ ಹಾಕುತ್ತದೆ. 37ರಲ್ಲಿ ದುಡಿದು 55ರಲ್ಲಿ ಕೆಡುವಂಥದ್ದು ಬೇಕಿತ್ತು.

ಮಡಿಕೇರಿಯಲ್ಲಿ ನಾವು ತೆಗೆದುಕೊಂಡದ್ದು ಅದೇ ಕುಟುಂಬದ ಸಬ್ಟಿಲಿಸಿನ್ ಇ. ಶಾಖಕ್ಕೆ ಬೇಗ ಕೆಡುವ ರೂಪ ಹುಡುಕಲು ಅದರ ಜೀನನ್ನು ಪಿಸಿಆರ್‌ನಲ್ಲಿ ನಕಲು ಮಾಡುವಾಗ, ತಪ್ಪು ಬೀಳಲೆಂದು ಸ್ವಲ್ಪ ಮ್ಯಾಂಗನೀಸ್ ಸೇರಿಸಿ, ಜೀನಿಗೆ ಒಂದೆರಡು ತಪ್ಪು ಬೀಳುವಷ್ಟೇ ಇಟ್ಟೆವು. ತಪ್ಪು ಹೆಚ್ಚಾದರೆ ಸತ್ತ ಕಿಣ್ವಗಳೇ ಸಿಗುತ್ತವೆ. ಅವನ್ನು ಬೆಳೆಸಲು ತನ್ನದೇ ಆರು ಪ್ರೋಟಿಯೇಸ್‌ ಕಳೆದುಕೊಂಡ ಬ್ಯಾಸಿಲಸ್ ಸಬ್ಟಿಲಿಸ್ ಬ್ಯಾಕ್ಟೀರಿಯಾದ ತಳಿ ಬೇಕು. ಸಾಮಾನ್ಯ ತಳಿಯಾದರೆ ಪರೀಕ್ಷೆಯ ತಟ್ಟೆಯಲ್ಲಿ ಎಲ್ಲ ಕಾಲೊನಿಯ ಸುತ್ತಲೂ ಹಾಲು ತಿಳಿಯಾಗುತ್ತದೆ, ಯಾವುದು ನಮ್ಮದು ಅಂತ ತಿಳಿಯುವುದೇ ಇಲ್ಲ.

ಶೇ. 1 ಕೆನೆರಹಿತ ಹಾಲಿನಪುಡಿಯ ಅಗರ್ ತಟ್ಟೆ, 37 ಡಿಗ್ರಿ, ಒಂದು ರಾತ್ರಿ. ಬಿಳುಪಿನ ನಡುವೆ ತಿಳಿ ಉಂಗುರ ಕಂಡರೆ ಕಿಣ್ವ ಬದುಕಿದೆ. ಶಾಖಕ್ಕೆ ಕೆಡುತ್ತದೋ ಎಂಬುದನ್ನು ಮಾತ್ರ ಈ ತಟ್ಟೆಯಲ್ಲಿ ನೋಡಬೇಡಿ. ಸಬ್ಟಿಲಿಸಿನ್ ಅಣುವಿನ ಮಡಚಿದ ಆಕಾರವನ್ನು ಬಿಗಿಹಿಡಿಯುವುದು ಕ್ಯಾಲ್ಸಿಯಂ, ಹಾಲಿನಲ್ಲಿ ಅದು ಧಾರಾಳ. ದುರ್ಬಲ ಕಿಣ್ವವೂ ಅಲ್ಲಿ ಗಟ್ಟಿಯಾಗಿ ಕಾಣುತ್ತದೆ. ಕಲ್ಚರಿನ ತಿಳಿದ್ರವವನ್ನು ನಿಮ್ಮ ಕೆಲಸದ ಬಫರಿನಲ್ಲೇ (ನಮ್ಮದು 10 ಮಿಲಿಮೋಲಾರ್ ಟ್ರಿಸ್, ಪಿಎಚ್ 8) ಬೆರೆಸಿ, 55ರಲ್ಲಿ 10 ನಿಮಿಷ ಇಟ್ಟು, ತಣಿಸಿ, ಆಮೇಲೆ ಎಷ್ಟು ಚಟುವಟಿಕೆ ಉಳಿದಿದೆ ಎಂದು ಅಳೆಯಿರಿ. ಸಾಂದ್ರತೆಯೂ ಕೆಲಸದ್ದೇ ಇರಲಿ: ದಟ್ಟವಾಗಿದ್ದಾಗ ಅರ್ಧ ಬಿಚ್ಚಿದ ಅಣುಗಳನ್ನು ಗಟ್ಟಿ ಅಣುಗಳು ತಿಂದುಹಾಕುತ್ತವೆ, ತೆಳುವಾಗಿದ್ದಾಗ ಕೆಲವು ಹಾಗೆ ತಿನ್ನಿಸಿಕೊಳ್ಳದೆ ಉಳಿಯಬಹುದು.

ಮಳೆಗಾಲದ ಮಡಿಕೇರಿಯಲ್ಲಿ ‘ಕೊಠಡಿಯ ಉಷ್ಣತೆ’ ಎಂದರೆ 25 ಅಲ್ಲ. ಕಿಣ್ವದ ವೇಗ ಅಳೆಯುವುದೆಲ್ಲ ಉಷ್ಣತೆ ಕಾಯುವ ಬ್ಲಾಕಿನಲ್ಲೇ ಆಗಲಿ. ಕಿಣ್ವದ ದಾಸ್ತಾನು ಶೇ. 50 ಗ್ಲಿಸರಾಲ್‌ನಲ್ಲಿ, ಮೈನಸ್ 20ರಲ್ಲಿ, 1 ಮಿಲಿಮೋಲಾರ್ ಕ್ಯಾಲ್ಸಿಯಂ ಜೊತೆ. ಕೆಲಸದ 50 ಮೈಕ್ರೋಲೀಟರಿಗೆ ದಾಸ್ತಾನು 1 ಹಾಕಿದಾಗ ಆ ಕ್ಯಾಲ್ಸಿಯಂ 50 ಪಟ್ಟು ತೆಳುವಾಗುತ್ತದೆ, ಹಾಲಿನಲ್ಲಿದ್ದಂತೆ ಧಾರಾಳವಾಗಿರುವುದಿಲ್ಲ.

ಕೊನೆಯ ಪರೀಕ್ಷೆ ಬಿಡಲೇಬೇಡಿ. ಕಿಣ್ವ ಕತ್ತರಿಸಿದಾಗ ಹಳದಿ ಬಣ್ಣ ಬರುವ ಐದು ನಿಮಿಷದ ಅಳತೆಗೆ, ಸಾವಿರದಲ್ಲೊಂದು ಪಾಲು ಕಿಣ್ವ ಉಳಿದಿದ್ದರೆ ಸಿಗುವುದಿಲ್ಲ. ಕಾಯಿಸಿದ ಕಿಣ್ವವನ್ನು ಬಿಎಸ್‌ಎ (ದನದ ರಕ್ತದ ಒಂದು ಪ್ರೋಟೀನು) ಜೊತೆ ರಾತ್ರಿಯಿಡೀ 37ರಲ್ಲಿಟ್ಟು, ಪ್ರೋಟೀನುಗಳನ್ನು ಗಾತ್ರದ ಮೇಲೆ ಬೇರ್ಪಡಿಸುವ ಜೆಲ್ ಓಡಿಸಿ. ಬಿಎಸ್‌ಎಯ 66 ಕಿಲೋಡಾಲ್ಟನ್ ಪಟ್ಟಿ ಸವೆದಿದ್ದರೆ ಕಿಣ್ವದ ಆ ರೂಪ ಕೈಬಿಡಿ. ಜೆಲ್ಲಿಗಾಗಿ ಪ್ರೋಟೀನು ಬಿಚ್ಚುವ ಎಸ್‌ಡಿಎಸ್ ಹಾಕುವ ಮುಂಚೆಯೇ, ಈ ಕಿಣ್ವವನ್ನು ತಡೆಯುವ ಪಿಎಂಎಸ್‌ಎಫ್ ಬೆರೆಸಿ, ಐಸೊಪ್ರೊಪನಾಲ್ ದಾಸ್ತಾನಿನಿಂದ ಆಗಷ್ಟೇ ತೆಗೆದು. ನೀರಿನಲ್ಲಿ ಅದು ಬೇಗ ಹಾಳಾಗುತ್ತದೆ, ಆಮೇಲೆ ಪಟ್ಟಿ ಸವೆದದ್ದು ರಾತ್ರಿಯೋ ಜೆಲ್ಲಿಗೆ ಕಾಯಿಸುವಾಗಲೋ ಎಂದು ಹೇಳಲಾಗದು.