ಬೆಂಗಳೂರು ದಂಡಿನಲ್ಲಿ ಹುಟ್ಟಿದ ಮುತ್ತಜ್ಜಿಯನ್ನು ಹುಡುಕುವುದು ಹೇಗೆ?

ನನ್ನ ಜೊತೆ ಕೆಲಸ ಮಾಡುವ ಇಂಗ್ಲೆಂಡಿನವರೊಬ್ಬರು ಒಂದು ಫೋಟೊ ಕಳಿಸಿದರು. 1881ರ ಅಲ್ಲಿನ ಜನಗಣತಿಯ ಹಾಳೆ. ಅವರ ಮುತ್ತಜ್ಜಿಗೆ ಆಗ ಹತ್ತು ವರ್ಷ, ಹುಟ್ಟೂರಿನ ಮುಂದೆ ‘ಬ್ಯಾಂಗಲೋರ್, ಈಸ್ಟ್ ಇಂಡೀಸ್’ ಅಂತ ಬರೆದಿತ್ತು. ‘ನಿಮ್ಮೂರೇ ಅಲ್ವಾ, ಸ್ವಲ್ಪ ನೋಡಿ’ ಅಂದರು. ಊರು ನಮ್ಮದೇ, ದಾರಿ ಮಾತ್ರ ಗೊತ್ತಿರಲಿಲ್ಲ. ನಿಮಗೂ ಯಾರಾದರೂ ಹೀಗೆ ಕೇಳಿದರೆ ಇರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಅವರ ಮನೆಯಲ್ಲಿರುವ ಕಾಗದ ಕೇಳಿ. ಅಪ್ಪನ ಹೆಸರು, ಕೆಲಸ, ಸೈನಿಕನಾಗಿದ್ದರೆ ಯಾವ ರೆಜಿಮೆಂಟು, ಪ್ರಾಟೆಸ್ಟೆಂಟೋ ಕ್ಯಾಥೊಲಿಕ್ಕೋ. ಇಷ್ಟು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ನಮ್ಮಲ್ಲಿನ ಹಳೆಯ ಜನಗಣತಿಯನ್ನು ನಂಬಿ ಕೂರಬೇಡಿ, ಬ್ರಿಟನ್ನಿನಲ್ಲಿ ಉಳಿಸಿಕೊಂಡ ಹಾಗೆ ಮನೆಮನೆಯ ಹಾಳೆಗಳನ್ನು ಇಲ್ಲಿ ಉಳಿಸಿಲ್ಲ.

ಆಮೇಲೆ ಹಳೆಯ ದಾಖಲೆಗಳ ವೆಬ್‌ಸೈಟುಗಳಲ್ಲಿ ಹುಡುಕಾಟ. ಎಲ್ಲರೂ ಎಡವುವುದು ಇಲ್ಲೇ, ನಾನೂ ಎಡವಿದೆ. ಬೆಂಗಳೂರು ಮೈಸೂರು ಸೀಮೆಯಲ್ಲಿತ್ತಲ್ಲ, ಹಾಗಾಗಿ ಎರಡು ದಿನ ಸುಮ್ನೆ ‘ಮೈಸೂರು’ ಅಂತ ಹಾಕಿ ತಡಕಾಡಿದೆ. ಆದರೆ 1809ರಲ್ಲಿ ಶುರುವಾದ ದಂಡು, ಅಂದರೆ ಬೆಂಗಳೂರಿನ ಕಂಟೋನ್ಮೆಂಟ್, ಮದ್ರಾಸ್ ಸೈನ್ಯದ್ದು. ಅಲ್ಲಿನ ಚರ್ಚುಗಳ ಬ್ಯಾಪ್ಟಿಸಂ (ಮಗುವಿಗೆ ಕೊಡುವ ಕ್ರೈಸ್ತ ದೀಕ್ಷೆ), ಮದುವೆ, ಸಾವಿನ ಲೆಕ್ಕ ಮದ್ರಾಸಿಗೆ ಹೋಗಿ, ಅಲ್ಲಿಂದ ನಕಲಾಗಿ ಲಂಡನ್ನಿಗೆ ಹೋಗುತ್ತಿತ್ತು. ಅದು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ (ಭಾರತದ ಆಡಳಿತ ನೋಡುತ್ತಿದ್ದ ಲಂಡನ್ನಿನ ಕಚೇರಿ) ದಾಖಲೆಗಳಲ್ಲಿ ‘ಎನ್/2’ ಅನ್ನುವ ಸಾಲಿನಲ್ಲಿದೆ. ಹಾಗಾಗಿ ಹುಡುಕುವಾಗ ‘ಮದ್ರಾಸ್’ ಹಾಕಿ. 1809ಕ್ಕಿಂತ ಹಿಂದಿನವರಾದರೆ ಶ್ರೀರಂಗಪಟ್ಟಣವನ್ನೂ ನೋಡಿ, ಪಡೆ ಇದ್ದದ್ದು ಅಲ್ಲಿ.

ಫ್ಯಾಮಿಲಿಸರ್ಚ್ ಅನ್ನುವ ವೆಬ್‌ಸೈಟಿನಲ್ಲಿ ಈ ದಾಖಲೆಗಳ ಹೆಸರಿನ ಸೂಚಿ ಪುಕ್ಕಟೆ ಸಿಗುತ್ತದೆ. ಮೂಲ ಪುಟದ ಚಿತ್ರ ಬೇಕೆಂದರೆ ಫೈಂಡ್‌ಮೈಪಾಸ್ಟ್ ಅನ್ನುವ ಇನ್ನೊಂದು ವೆಬ್‌ಸೈಟಿಗೆ ದುಡ್ಡು ಕೊಡಬೇಕು. ಕೊಡಿ, ಯಾಕೆಂದರೆ ಸೂಚಿಯಲ್ಲಿ ತಪ್ಪು ಜಾಸ್ತಿ. ನಾವು ಹುಡುಕುತ್ತಿದ್ದ ಮುತ್ತಜ್ಜಿಯ ಮನೆತನದ ಹೆಸರು ಶುರುವಾಗುವುದು ‘ಕೆ’ಯಿಂದ, ಸೂಚಿಯಲ್ಲಿ ಅದು ‘ಸಿ’ ಆಗಿತ್ತು. ಮನೆತನದ ಹೆಸರನ್ನೇ ಬಿಟ್ಟು ಅಪ್ಪನ ಹೆಸರು, ಇಸವಿ ಮಾತ್ರ ಹಾಕಿದಾಗ ಸಿಕ್ಕಳು.

ಪುಟ ಸಿಕ್ಕಿದ ಮೇಲೆ ನಿಧಾನಕ್ಕೆ ಓದಿ. ಒಂದೇ ಸಾಲಿನಲ್ಲಿ ಬ್ಯಾಪ್ಟಿಸಂ ಆದ ದಿನ, ಹುಟ್ಟಿದ ದಿನ, ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ಇರುವ ಊರು, ಅಪ್ಪನ ಕೆಲಸ, ಕೊನೆಗೆ ಪಾದ್ರಿಯ ಸಹಿ. ಸೂಚಿಯಲ್ಲಿ ಕಾಣುವ ತಾರೀಖು ಹೆಚ್ಚಾಗಿ ಬ್ಯಾಪ್ಟಿಸಂದು. ನಮ್ಮಲ್ಲಿ ಹನ್ನೊಂದನೇ ದಿನ ಹೆಸರಿಟ್ಟ ಹಾಗಲ್ಲ, ಅಲ್ಲಿ ತಿಂಗಳುಗಟ್ಟಲೆ ತಡವಾಗುವುದುಂಟು. ಅಮ್ಮನ ತವರಿನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ, ಅದಕ್ಕೆ ಮದುವೆಯ ದಾಖಲೆಯನ್ನು ಬೇರೆ ಹುಡುಕಬೇಕು. ಅಮ್ಮ ಇಲ್ಲಿಯವಳಾಗಿದ್ದರೆ ಹಳೆಯ ಪುಟಗಳಲ್ಲಿ ಎಷ್ಟೋ ಸಲ ಆಕೆಯ ಹೆಸರನ್ನೇ ಬರೆದಿಲ್ಲ. ನನಗೆ ಸಿಟ್ಟು ಬರಿಸಿದ್ದು ಅದೇ.

ಸಿಗಲಿಲ್ಲವೇ? ಕ್ಯಾಥೊಲಿಕ್ಕರ ಲೆಕ್ಕ ಎಲ್ಲವೂ ಲಂಡನ್ನಿಗೆ ಹೋಗಿಲ್ಲ. ಐರಿಷ್ ಸೈನಿಕರ ಮಕ್ಕಳು ಕೈಗೆ ಸಿಗದಿರುವುದು ಅದಕ್ಕೇ. ಆಗ ಇಲ್ಲಿನ ಸೇಂಟ್ ಪ್ಯಾಟ್ರಿಕ್ಸ್‌ನಂಥ ಹಳೆಯ ಚರ್ಚುಗಳಿಗೆ ಪತ್ರ ಬರೆದು, ವಾರದ ನಡುವೆ ಹೋಗಿ ಕೇಳಬೇಕು. ಭಾನುವಾರ ಹೋದರೆ ಯಾರಿಗೂ ಪುರುಸೊತ್ತಿರುವುದಿಲ್ಲ. ಅಪ್ಪ ಬ್ರಿಟಿಷ್ ರೆಜಿಮೆಂಟಿನವನಾಗಿದ್ದರೆ ಇಂಗ್ಲೆಂಡಿನ ಜನರಲ್ ರಿಜಿಸ್ಟರ್ ಆಫೀಸಿನಲ್ಲಿ (ಜನನ ಮರಣ ನೋಂದಣಿ ಕಚೇರಿ) ರೆಜಿಮೆಂಟ್ ಮಕ್ಕಳ ಜನನದ ಪಟ್ಟಿಯೇ ಬೇರೆ ಇದೆ, 1761ರಿಂದ.

ಇನ್ನೊಂದು, ಹೆಸರು ಸಿಕ್ಕಿತು ಅಂತ ಕುಣಿಯುವ ಮೊದಲು ಸಾವಿನ ಪುಟವನ್ನೂ ತಿರುವಿ. ಮಗು ತೀರಿಕೊಂಡರೆ ಮುಂದಿನ ಮಗುವಿಗೆ ಅದೇ ಹೆಸರಿಡುತ್ತಿದ್ದರು. ನಮಗೆ ಮೊದಲು ಸಿಕ್ಕ ಹುಡುಗಿಗೆ ಹೆಸರು, ಅಪ್ಪ, ಊರು ಎಲ್ಲ ಸರಿಯಾಗಿ ಹೊಂದುತ್ತಿತ್ತು, ಇಸವಿ ಮಾತ್ರ ಎರಡು ವರ್ಷ ಹಿಂದಿನದು. ಜನಗಣತಿಯವರು ವಯಸ್ಸು ತಪ್ಪು ಬರೆದಿರಬೇಕು ಅಂದುಕೊಂಡೆವು. ಆಮೇಲೆ ನೋಡಿದರೆ ಅವಳು ಅಕ್ಕ, ಹನ್ನೊಂದು ತಿಂಗಳಿಗೇ ದಂಡಿನಲ್ಲಿ ಮಣ್ಣಾಗಿದ್ದಳು.